ದಾರಿ ನೋಡುವ ತಿಂಗಳು

ಕಲಬುರಗಿ
15 ಡಿಸೆಂಬರ್ 2025

ಪ್ರಿಯ ಗೆಳೆಯಾ,

ನೇಮಕಾತಿ ಆದೇಶದ ದಾರಿ ನೋಡುತ್ತ ಎರಡು ವರ್ಷ ಕಳೆದವು, ಈಗ ಪ್ರಾರ್ಥನೆಯಲ್ಲೂ ಅದನ್ನು ಕೇಳುವುದನ್ನು ಬಿಟ್ಟಿದ್ದೇನೆ ಎಂದು ನೀನು ಬರೆದು ತಿಂಗಳಾಯಿತು. ತಿಂಗಳು ತಿಂಗಳು ಸಂಬಳ ಎಣಿಸುವ ನಾನು ನಿನಗೆ ತಾಳ್ಮೆಯ ಮಾತು ಬರೆಯಲು ನಾಚಿದೆ. ಉತ್ತರ ತಡವಾದದ್ದು ಅದಕ್ಕೇ.

ನಿನ್ನೆ ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳ, ಮೂರನೆಯ ರವಿವಾರ. ಬೇಸಾಯಗಾರನು ಮುಂಗಾರು ಹಿಂಗಾರು ಮಳೆಗಳಿಗಾಗಿ ಕಾದಿರುವಂತೆ ನೀವೂ ಕಾದಿರಿ ಎನ್ನುವ ಬೈಬಲಿನ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ಚರ್ಚಿನಲ್ಲಿ ಓದಿದರು. ಯಾಕೋಬನ ನಾಡಿನಲ್ಲಿ ಮೊದಲ ಮಳೆ ಅಕ್ಟೋಬರ್ ಸುಮಾರಿಗೆ ಬಿದ್ದು ಬಿತ್ತನೆಗೆ ನೆಲ ಹದವಾಗುತ್ತದೆ, ಕೊನೆಯ ಮಳೆ ಮಾರ್ಚ್-ಏಪ್ರಿಲ್‌ನಲ್ಲಿ ಗೋದಿಯ ಕಾಳು ತುಂಬಿಸುತ್ತದೆ. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ತೊಗರಿಯೇ. ಜೂನ್-ಜುಲೈನಲ್ಲಿ ಬಿತ್ತಿದರೆ ಕೊಯ್ಲಿಗೆ ಡಿಸೆಂಬರ್ ಇಲ್ಲವೇ ಜನವರಿ ಬರಬೇಕು. ಹೆಸರು, ಉದ್ದು ಮನೆ ಸೇರಿ ತಿಂಗಳುಗಳಾದರೂ ಇದು ಎರೆಭೂಮಿಯಲ್ಲಿ ಉಳಿದ ಹಸಿಯನ್ನೇ ನೆಚ್ಚಿಕೊಂಡು ನಿಂತಿರುತ್ತದೆ. ಈ ನಡುವೆ ಅಪ್ಪ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಮೋಡ ಕವಿದು ಮಂಜು ಬಿದ್ದರೆ ಹೂ ಉದುರೀತೆಂದು ನಸುಕಿನಲ್ಲೇ ಹೊಲಕ್ಕೆ ಹೋಗುತ್ತಿದ್ದರು; ಕಾಯಿಕೊರಕ ಬಿದ್ದರೆ ಗಿಡಗಳನ್ನು ಅಲುಗಿಸಿ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿ ಆರಿಸುತ್ತಿದ್ದರು. ಒಂದು ವರ್ಷ ನೆಟೆ ರೋಗಕ್ಕೆ ಅರ್ಧ ಹೊಲ ನಿಂತಲ್ಲೇ ಒಣಗಿದಾಗಲೂ ಉಳಿದರ್ಧಕ್ಕೆ ಹಾಗೆಯೇ ಹೋದರು.

ನಮ್ಮ ಕನ್ನಡ ಬೈಬಲಾದ ಸತ್ಯವೇದದಲ್ಲಿ ನಂಬಿಕೆ ಮತ್ತು ಪ್ರೀತಿಯ ನಡುವೆ ಇರುವ ಮಾತು ‘ನಿರೀಕ್ಷೆ’. ಭರವಸೆಗೂ ಕಾಯುವುದಕ್ಕೂ ಅದೊಂದೇ ಪದ. ಅದರ ಬೇರಿನಲ್ಲಿರುವುದು ನೋಡುವುದು. ನಮ್ಮ ಕಡೆ ‘ದಾರಿ ನೋಡುವುದು’ ಎಂದಾಗಲೂ ಅದೇ ಅಲ್ಲವೇ? ನವೆಂಬರ್ ಮಧ್ಯದಲ್ಲೇ ನಕ್ಷತ್ರ ತೂಗುಹಾಕಿ, ನಾಲ್ಕು ವಾರಗಳನ್ನೂ ಕ್ಯಾರೊಲ್ ಮತ್ತು ಕೇಕಿನಲ್ಲಿ ಮುಗಿಸಿಬಿಡುವ ನಾವು (ನಾನೂ ಸೇರಿ) ಆ ನೋಟವನ್ನೇ ಕಳೆದುಕೊಂಡಿದ್ದೇವೆ ಎಂದು ನನಗೆ ಅನ್ನಿಸುತ್ತದೆ.

ನಿನ್ನೆಯ ಸುವಾರ್ತಾ ಪಾಠವನ್ನಂತೂ ನಿನಗೇ ಓದಿದಂತಿತ್ತು: ಮತ್ತಾಯನ ಹನ್ನೊಂದನೆಯ ಅಧ್ಯಾಯ. ಬರಲಿರುವ ರಕ್ಷಕನನ್ನು ಯೊರ್ದನ್ ನದಿಯ ದಡದಲ್ಲಿ ಸಾರಿ ಹೇಳಿದ ಸ್ನಾನಿಕ ಯೋಹಾನನೇ ಸೆರೆಮನೆಯಿಂದ ಶಿಷ್ಯರನ್ನು ಕಳುಹಿಸಿ, ಬರಬೇಕಾದವನು ನೀನೋ, ಬೇರೊಬ್ಬನ ದಾರಿ ನೋಡಬೇಕೋ ಎಂದು ಕೇಳಿಸುತ್ತಾನೆ. ಯೇಸು ಅವನನ್ನು ಗದರಿಸಲಿಲ್ಲ. ನೀವು ಕಂಡದ್ದನ್ನೂ ಕೇಳಿದ್ದನ್ನೂ ಹೋಗಿ ತಿಳಿಸಿರಿ, ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಸುವಾರ್ತೆ ಸಾರಲಾಗುತ್ತಿದೆ ಎಂದನು. ಸೆರೆಮನೆಯ ಬಾಗಿಲು ತೆರೆಯುತ್ತದೆಂದು ಮಾತ್ರ ಹೇಳಲಿಲ್ಲ. ಅದು ತೆರೆಯಲೂ ಇಲ್ಲ, ಹೆರೋದನು ಯೋಹಾನನ ತಲೆ ಹೊಡೆಸಿದನು. ಈ ಕಥೆಯನ್ನು ಸಮಾಧಾನದ ಮಾತಾಗಿ ತಿರುಗಿಸಲು ನನಗೆ ಬಾರದು. ಆದರೂ ಕೇಳಿದ ಬಳಿಕವೇ ಯೇಸು, ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಅವನಿಗಿಂತ ದೊಡ್ಡವನಿಲ್ಲ ಎಂದದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಆದುದರಿಂದ ನೀನು ಕೇಳುವುದನ್ನು ಬಿಡಬೇಡ. ಸಿಟ್ಟಿನಿಂದಲೇ ಆದರೂ ಕೇಳು.

ಇಪ್ಪತ್ತನಾಲ್ಕರೊಳಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಾ, ಸ್ಟೇಷನ್ನಿಗೆ ನಾನು ಬರುತ್ತೇನೆ. ತೊಗರಿ ಆ ಹೊತ್ತಿಗೆ ಕೊಯ್ಲಿಗೆ ಬಂದಿರುತ್ತದೆ. ಅಪ್ಪನಿಗೆ ಈ ವರ್ಷ ಮೊಣಕಾಲು ನೋವು, ಕೈಗೊಬ್ಬರು ಬೇಕು.

ನಿನ್ನ ಗೆಳೆಯ