ಅಮೆರಿಕದ ಅಯೋವಾ ಸಿಟಿಯಲ್ಲಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ,

ಮಾವನ ಆಶೀರ್ವಾದಗಳು. ರೂಮು ಸಿಕ್ಕಿತು, ಕ್ಲಾಸು ಶುರುವಾಯಿತು ಎಂದು ನಿಮ್ಮಮ್ಮ ಹೇಳಿದಳು. ಮೊದಲ ರಜೆಗೇ ಷಿಕಾಗೋ ನೋಡಲು ಹೊರಟಿದ್ದೀಯಂತೆ. ಹೋಗು, ಬೇಡ ಅನ್ನಲ್ಲ. ಆದರೆ ಅದಕ್ಕೂ ಮೊದಲು ನೀನಿರುವ ಊರನ್ನು ನಡೆದು ನೋಡು. ನಾನು ಅಲ್ಲಿ ಎರಡು ವರ್ಷ ಇದ್ದೆ. ಲ್ಯಾಬು, ರೂಮು, ಅನ್ನ ಸಾರು, ಇಷ್ಟರಲ್ಲೇ ದಿನ ಹೋಯಿತು. ಓಕ್‌ಲ್ಯಾಂಡ್ ಸ್ಮಶಾನದ ಕಪ್ಪು ದೇವತೆಯ ವಿಗ್ರಹವನ್ನು ನೋಡಿದ್ದು ಊರು ಬಿಡುವ ವಾರದಲ್ಲಿ. ಆ ಬೇಜಾರು ಇನ್ನೂ ಹೋಗಿಲ್ಲ.

ಆ ಊರೇ ರಾಜಧಾನಿಯಾಗಿದ್ದಾಗಿನ ಶಾಸನಸಭೆಯ ಕಟ್ಟಡ, ಓಲ್ಡ್ ಕ್ಯಾಪಿಟಲ್‌ನಿಂದ ಶುರುಮಾಡು. ಬಂಗಾರದ ಗುಮ್ಮಟದ ಆ ಕಟ್ಟಡದ ಮುಂದೆ ದಿನಾ ಓಡಾಡುತ್ತೀಯ, ಒಳಗೆ ಹೋಗಿದ್ದೀಯಾ? ಟಿಕೆಟ್ಟೂ ಇಲ್ಲ. 1840ರಲ್ಲಿ ಅಡಿಗಲ್ಲು ಹಾಕಿದಾಗ ಅಯೋವಾ ಇನ್ನೂ ರಾಜ್ಯವೇ ಆಗಿರಲಿಲ್ಲ. 1857ರಲ್ಲಿ ರಾಜಧಾನಿ ಡೆ ಮೊಯಿನ್‌ಗೆ ಹೋಯಿತು, ಕಟ್ಟಡ ಯೂನಿವರ್ಸಿಟಿಗೆ ಬಂತು. ಅಧಿಕಾರ ಹೋದ ಊರು ಓದು ಬರಹದಿಂದ ಬದುಕಿಕೊಂಡಿತು. 2001ರ ನವೆಂಬರ್‌ನಲ್ಲಿ, ರಿಪೇರಿ ನಡೆಯುತ್ತಿರುವಾಗಲೇ, ಗುಮ್ಮಟಕ್ಕೆ ಬೆಂಕಿ ಬಿತ್ತು. ಇಲ್ಲಿ ಕೂತು ಆ ಫೋಟೋ ನೋಡಿ ನನಗೆ ಊಟ ಸೇರಲಿಲ್ಲ. ಹೊಸ ಗುಮ್ಮಟ ಕೂರಿಸಿ, 2006ರಲ್ಲಿ ಮತ್ತೆ ಬಾಗಿಲು ತೆರೆದರು. ನಡುವಿನ ಸುರುಳಿ ಮೆಟ್ಟಿಲನ್ನು ಕೆಳಗೆ ನಿಂತು ತಲೆಯೆತ್ತಿ ನೋಡು. ಫೋಟೋ ಆಮೇಲೆ ತೆಗಿ.

ಇನ್ನು ಆ ದೇವತೆ. ಎಂಟೂವರೆ ಅಡಿಯ ಕಂಚಿನ ವಿಗ್ರಹ. ಮುಟ್ಟಿದರೆ ಸಾಯ್ತಾರೆ, ಮುತ್ತು ಕೊಟ್ಟರೆ ಹಾಗೆ ಹೀಗೆ ಅಂತ ಹುಡುಗರು ಕತೆ ಹೇಳ್ತಾರೆ. ಕೇಳಬೇಡ. ಗಾಳಿ ಮಳೆಗೆ ಕಂಚು ಕಪ್ಪಾಗಿದೆ, ಅಷ್ಟೇ. ಅದನ್ನು ಮಾಡಿಸಿದ್ದು ತೆರೇಸಾ ಫೆಲ್ಡೆವರ್ಟ್, ಯೂರೋಪಿನ ಬೊಹೀಮಿಯಾದಿಂದ ಬಂದ ಸೂಲಗಿತ್ತಿ. ಮಗ ಎಡ್ಡಿ 1891ರಲ್ಲಿ, ಹದಿನೆಂಟು ವರ್ಷಕ್ಕೇ ತೀರಿಕೊಂಡ. ಪಕ್ಕದಲ್ಲೇ ಅವನಿಗೊಂದು ಕಲ್ಲು ಇದೆ, ಕಡಿದ ಮರದ ಬೊಡ್ಡೆಯ ಹಾಗೆ ಕೆತ್ತಿದ್ದು. ಕೊಡಲಿ ಇನ್ನೂ ಅದರಲ್ಲೇ ನೆಟ್ಟಿದೆ. ಎಲ್ಲರೂ ದೇವತೆಯ ಮುಖ ನೋಡಿ ಹೋಗ್ತಾರೆ, ನೀನು ಆ ಕೊಡಲಿಯನ್ನು ನೋಡು. ಪೀಠದ ಮೇಲೆ ತೆರೇಸಾ ಹುಟ್ಟಿದ ವರ್ಷ ಇದೆ. 1924ರಲ್ಲಿ ಆಕೆ ಹೋದಳು, ಆ ವರ್ಷವನ್ನು ಯಾರೂ ಕೆತ್ತಲೇ ಇಲ್ಲ.

ಯೂನಿವರ್ಸಿಟಿಯ ಕಲಾ ಸಂಗ್ರಹಾಲಯ ಸ್ಟ್ಯಾನ್ಲಿ ಮ್ಯೂಸಿಯಂಗೆ ಮಳೆ ಬಂದ ದಿನ ಹೋಗು, ಅದೂ ಪುಕ್ಕಟೆ. 2008ರ ಪ್ರವಾಹದಲ್ಲಿ ಹಳೆಯ ಮ್ಯೂಸಿಯಂಗೆ ನೀರು ನುಗ್ಗಿತ್ತು. ಹೊಸದು ತೆರೆದಿದ್ದು 2022ರಲ್ಲಿ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1943ರಲ್ಲಿ ಬರೆದ ಇಪ್ಪತ್ತು ಅಡಿ ಅಗಲದ ಚಿತ್ರ ಅಲ್ಲಿದೆ. ಅರ್ಥ ಆಗಲಿಲ್ಲ ಅಂತ ಹೊರಟುಬಿಡಬೇಡ, ಎದುರಿನ ಬೆಂಚಿನಲ್ಲಿ ಕಾಲು ಗಂಟೆ ಸುಮ್ನೆ ಕೂತಿರು. ಅಯೋವಾ ಅವೆನ್ಯೂದಲ್ಲಿ ಫುಟ್‌ಪಾತ್ ಮೇಲೆ ಲೇಖಕರ ಮಾತುಗಳ ಕಂಚಿನ ಫಲಕಗಳಿವೆ, ಮೊಬೈಲ್ ಜೇಬಿಗೆ ಹಾಕಿ ನಡಿ. ಪ್ರೇರಿ ಲೈಟ್ಸ್ ಪುಸ್ತಕದ ಅಂಗಡಿಗೆ ನಾನು ಹೇಳದಿದ್ದರೂ ಹೋಗ್ತೀಯ.

ಯಾರಾದರೂ ಕಾರು ತೆಗೆದರೆ ಕೋರಲ್‌ವಿಲ್ ಕೆರೆಯ ಅಣೆಕಟ್ಟಿನ ಹತ್ತಿರ ಇಳಿಸಲು ಹೇಳು. 1993ರ ಬೇಸಿಗೆಯಲ್ಲಿ ನಾನು ಅಲ್ಲೇ ಇದ್ದೆ. ಕೋಡಿ ಬಿದ್ದ ನೀರು ವಾರಗಟ್ಟಲೆ ಹರಿದು ರಸ್ತೆ, ಮಣ್ಣು ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ಅಡಿಯಲ್ಲಿ ಕಂಡದ್ದು 37.5 ಕೋಟಿ ವರ್ಷದ ಹಿಂದಿನ ಸಮುದ್ರದ ತಳ! ಹವಳ, ಚಿಪ್ಪು ಎಲ್ಲ ಕಲ್ಲಾಗಿ ಕಾಲಡಿಯಲ್ಲೇ ಇವೆ. ಬಾಟಲಿಯ ನೀರು ಸ್ವಲ್ಪ ಚೆಲ್ಲಿದರೆ ಗುರುತು ಚೆನ್ನಾಗಿ ಏಳುತ್ತದೆ. ಒಂದನ್ನೂ ಕಿತ್ತು ತರಬೇಡ.

ಚಳಿ ಹಿಡಿಯುವ ಮೊದಲು ಇಷ್ಟನ್ನೂ ಮುಗಿಸು. ಸ್ಮಶಾನಕ್ಕೆ ಹಗಲು ಹೊತ್ತೇ ಹೋಗು, ಸ್ನೇಹಿತೆಯನ್ನು ಕರೆದುಕೋ. ಬಂದ ಮೇಲೆ ಆ ಕೊಡಲಿಯ ಬಗ್ಗೆ ನನಗೆ ಬರಿ. ಮೆಸೇಜ್ ಬೇಡ, ಕಾಗದ.

ಇತಿ,
ನಿನ್ನ ಮಾವ