ಅತ್ತೆಯ ಮಾತನ್ನೂ ಬರೆ

ಪ್ರೀತಿಯ ಕಿರಿಯ ಗೆಳತಿಗೆ,

ನಿನ್ನ ಕಥೆ ಓದಿದೆ. ಸಿಟ್ಟು ನಿಜವಾದದ್ದು, ಭಾಷೆ ಚುರುಕಾಗಿದೆ. ಆದರೆ ನಿನ್ನ ಸೊಸೆ ಬಾಯಿ ತೆರೆದಾಗಲೆಲ್ಲ ಭಾಷಣ, ಅತ್ತೆ ಬಾಯಿ ತೆರೆದಾಗಲೆಲ್ಲ ಬೈಗುಳ. ಅನ್ಯಾಯದ ಬಗ್ಗೆ ಬರೆಯುವಾಗ ಪಕ್ಷ ವಹಿಸಬಾರದೇ ಎಂದು ಕೇಳಿದ್ದೀಯ. ವಹಿಸಲೇಬೇಕು. ಹೇಗೆ ಎಂಬುದಕ್ಕೆ ಮಲಯಾಳಂ ಲೇಖಕಿ ಲಲಿತಾಂಬಿಕಾ ಅಂತರ್ಜನಂ ಅವರನ್ನು ಓದು.

ಅವರು ಹುಟ್ಟಿದ್ದು 1909ರಲ್ಲಿ, ಕೇರಳದ ಕೊಲ್ಲಂ ಕಡೆಯ ನಂಬೂದಿರಿ ಬ್ರಾಹ್ಮಣ ಮನೆತನದಲ್ಲಿ. ಆ ಮನೆಗಳ ಹೆಂಗಸರು ಹೊಸ್ತಿಲು ದಾಟಬೇಕಾದರೆ ಮೈತುಂಬ ಹೊದ್ದು, ಓಲೆಗರಿಯ ಕೊಡೆಯಲ್ಲಿ ಮುಖ ಮರೆಸಿಕೊಂಡು, ಜೊತೆಗೊಬ್ಬ ದಾಸಿಯನ್ನು ಕರೆದುಕೊಂಡೇ ಹೋಗಬೇಕಿತ್ತು. ಸ್ವಜಾತಿಯಲ್ಲಿ ಮದುವೆ ಹಿರಿಯ ಮಗನಿಗೆ ಮಾತ್ರ. ತಮ್ಮಂದಿರಿಗೆ ನಾಯರ್ ಮನೆಗಳ ಹೆಣ್ಣುಗಳೊಡನೆ ‘ಸಂಬಂಧ’ ಎಂಬ ಸಡಿಲ ಕೂಡಿಕೆ ಅಷ್ಟೆ. ಇದರ ಫಲ ಊಹಿಸು: ಕೆಲವು ಹುಡುಗಿಯರು ಕನ್ಯೆಯರಾಗಿಯೇ ಮುದುಕಿಯರಾದರು, ಕೆಲವರು ಮುದುಕರಿಗೆ ಎರಡನೆಯ, ಮೂರನೆಯ ಹೆಂಡತಿಯರಾದರು. ಲಲಿತಾಂಬಿಕಾ ಇದನ್ನು ಒಳಗಿನಿಂದ ಕಂಡವರು, ಸುಧಾರಣೆಯ ಪರವಾಗಿ ನಿಂತವರು. ಘೋಷಣೆ ಬರೆಯುವ ಹಕ್ಕು ನಿನಗಿಂತ, ನನಗಿಂತ ಅವರಿಗೆ ಹೆಚ್ಚಿತ್ತು.

ಅವರ ‘ಪ್ರತಿಕಾರದೇವತೆ’ ಎಂಬ ಕಥೆಯನ್ನು ಹುಡುಕಿ ಓದು. ಅದರ ಹಿಂದೆ ನಡೆದ ಘಟನೆಯೇ ಇದೆ. 1905ರಲ್ಲಿ ಕುರಿಯೇಡತ್ತ್ ತಾತ್ರಿ ಎಂಬ ನಂಬೂದಿರಿ ಹೆಣ್ಣನ್ನು ವ್ಯಭಿಚಾರದ ಆರೋಪದ ಮೇಲೆ ಸ್ಮಾರ್ತವಿಚಾರಕ್ಕೆ, ಅಂದರೆ ಜಾತಿಯವರೇ ನಡೆಸುವ ವಿಚಾರಣೆಗೆ, ಗುರಿಪಡಿಸಿದರು. ಆಕೆ ತಲೆ ತಗ್ಗಿಸಲಿಲ್ಲ. ತನ್ನ ಬಳಿ ಬಂದಿದ್ದ 60ಕ್ಕೂ ಹೆಚ್ಚು ಗಂಡಸರನ್ನು ಒಬ್ಬೊಬ್ಬರಾಗಿ ಬಯಲಿಗೆಳೆದಳು. ಆಕೆಯ ಜೊತೆಗೆ ಅವರಿಗೂ ಬಹಿಷ್ಕಾರವಾಯಿತು. ಎಂಥ ವಸ್ತು! ನಮ್ಮಲ್ಲಿ ಯಾರ ಕೈಗೆ ಸಿಕ್ಕಿದ್ದರೂ ತಾತ್ರಿಗೆ ಜೈಕಾರ ಹಾಕಿ ಮುಗಿಸುತ್ತಿದ್ದೆವು.

ಲಲಿತಾಂಬಿಕಾ ಹಾಗೆ ಮಾಡಲಿಲ್ಲ. ಕಥೆಗೆ ವಸ್ತು ಸಿಗದೆ ರಾತ್ರಿ ಕುಳಿತಿರುವ ಲೇಖಕಿಯೊಬ್ಬಳ ಮುಂದೆ ತಾತ್ರಿಯನ್ನು ತಂದು, ಆಕೆಯ ಬಾಯಿಂದಲೇ ಎಲ್ಲವನ್ನೂ ಹೇಳಿಸಿದರು. ಕೇಳಿದ ಲೇಖಕಿ ಕರಗುತ್ತಾಳೆ, ಆದರೆ ಸುಮ್ಮನೆ ಒಪ್ಪುವುದಿಲ್ಲ. ನಿನ್ನ ಸೇಡು ನಿನ್ನೊಬ್ಬಳದಾಯಿತು, ಉಳಿದ ಹೆಂಗಸರಿಗೆ ಅದರಿಂದ ಏನಾಯಿತು ಎಂಬ ಅರ್ಥದ ಪ್ರಶ್ನೆಯನ್ನು ಎದುರಿಗೇ ಇಡುತ್ತಾಳೆ. ಆ ತಕರಾರು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತಾತ್ರಿಯ ಮುಂದೆ ಬೇರೆ ಯಾವ ದಾರಿ ಇತ್ತು? ಆದರೂ ಕಥೆ ಮುಗಿಸಿದ ಮೇಲೆ ನಾನು ಅವರಿಬ್ಬರೊಡನೆ ಜಗಳವಾಡುತ್ತಲೇ ಇದ್ದೆ. ನಿನ್ನ ಕಥೆಯಲ್ಲಿ ನನಗೆ ಜಗಳವಾಡಲು ಜಾಗವೇ ಸಿಗಲಿಲ್ಲ.

ಜೀವನವಿಡೀ ಮುಖ್ಯವಾಗಿ ಸಣ್ಣಕಥೆ ಬರೆದ ಲಲಿತಾಂಬಿಕಾ ಅವರ ‘ಅಗ್ನಿಸಾಕ್ಷಿ’ ಕಾದಂಬರಿ ಬಂದದ್ದು 1976ರಲ್ಲಿ. (ನಮ್ಮ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದೂ ಅದೇ ವರ್ಷ. ಎರಡನ್ನೂ ಒಟ್ಟಿಗೆ ಓದಿದರೆ ಒಳ್ಳೆಯದು.) ‘ಅಗ್ನಿಸಾಕ್ಷಿ’ಯಲ್ಲಿ ನಾಯಕಿ ದೇವಕಿಯ ಗಂಡ ಉಣ್ಣಿ ನಂಬೂದಿರಿ ದುಷ್ಟನಲ್ಲ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇದೆ, ಆಚಾರವನ್ನು ಮೀರುವ ಶಕ್ತಿ ಇಲ್ಲ. ದುಷ್ಟನನ್ನು ಬಿಟ್ಟು ಹೋಗುವುದು ಸುಲಭ. ಇಂಥವನ ಮನೆಯಿಂದ ಹೊರಡುವಾಗ ದೇವಕಿ ಎಷ್ಟನ್ನು ಕಳೆದುಕೊಳ್ಳುತ್ತಾಳೆ ನೋಡು. ಮುಂದೆ ಚಳವಳಿಗೆ ಸೇರಿದ ಮೇಲೂ ಅವಳಿಗೆ ನೆಮ್ಮದಿ ಸಿಗುವುದಿಲ್ಲ, ಸನ್ಯಾಸಿನಿಯಾಗುತ್ತಾಳೆ. ತಾವು ನಂಬಿದ ಸುಧಾರಣೆಯನ್ನೂ ಲೇಖಕಿ ಪ್ರಶ್ನೆಗೆ ಒಳಪಡಿಸಿದ್ದಾರೆ.

ಈಗ ನಿನ್ನ ಕಥೆಗೆ ಬಾ. ಅಡುಗೆಮನೆಯ ದೃಶ್ಯವನ್ನು ಅತ್ತೆಯ ಕಡೆಯಿಂದ ಒಮ್ಮೆ ಬರೆ. ಅವಳು ಈ ಮನೆಗೆ ಎಷ್ಟನೆಯ ವಯಸ್ಸಿನಲ್ಲಿ ಬಂದಳು, ಬೀಗದಕೈ ಅವಳ ಸೊಂಟಕ್ಕೆ ಬಂದದ್ದು ಯಾವಾಗ, ಅದು ಹೋದರೆ ಅವಳಿಗೆ ಉಳಿಯುವುದೇನು? ಅಚ್ಚಿಗೆ ಹೋಗುವಾಗ ಆ ಪುಟಗಳನ್ನು ಕಿತ್ತು ಹಾಕಿದರೂ ಸರಿ. ಸೊಸೆಯ ಕೊನೆಯ ಭಾಷಣವನ್ನಂತೂ ಪೂರ್ತಿ ತೆಗೆ. ಅವಳು ಮಾತಾಡದೆ ಮಾಡುವ ಕೆಲಸ ಯಾವುದು ಎಂದು ಯೋಚಿಸು.

ತಿದ್ದಿದ್ದನ್ನು ಅಂಚೆಯಲ್ಲೇ ಕಳುಹಿಸು. ಮೊಬೈಲಿನಲ್ಲಿ ಓದಿದರೆ ನನ್ನ ಕಣ್ಣು ಉರಿಯುತ್ತದೆ, ಅಂಚಿನಲ್ಲಿ ಗೀಚಲೂ ಆಗುವುದಿಲ್ಲ.

ನಿನ್ನ ಹಿರಿಯ ಗೆಳತಿ