ಬೇಸಿಗೆಯ ಓದು: ಮನೆಮಂದಿಗೆಲ್ಲ ಒಂದೇ ಪುಸ್ತಕ

ಬೇಸಿಗೆ ರಜೆ ಹತ್ತಿರವಾದಂತೆ, ಯಾವ ಹೊಸ ಕನ್ನಡ ಪುಸ್ತಕಗಳನ್ನು ಓದಬಹುದೆಂದು ನಮ್ಮ ಸಂಘದ ಸದಸ್ಯರು ವಿಚಾರಿಸುತ್ತಾರೆ. ಈ ಸಲದ ಆಯ್ಕೆಗೆ ಒಂದು ಉದ್ದೇಶವಿದೆ. ಕನ್ನಡ ಬಲ್ಲ ಹಿರಿಯರು ಮೂಲ ಕೃತಿಯನ್ನೂ, ಮನೆಯಲ್ಲಿ ಕನ್ನಡ ಮಾತಾಡಿದರೂ ಲಿಪಿ ಓದಲು ಬಾರದ ಮಕ್ಕಳು ಅದರ ಇಂಗ್ಲಿಷ್ ಅನುವಾದವನ್ನೂ ಒಟ್ಟೊಟ್ಟಿಗೆ ಓದಿ, ಒಂದೇ ಪಾತ್ರಗಳ ಬಗ್ಗೆ ಮಾತಿಗೆ ಕೂರುವಂತಾಗಬೇಕು. ಹೊರನಾಡಿನ ಮನೆಗಳಲ್ಲಿ ಕನ್ನಡ ಪುಸ್ತಕಗಳು ದೊಡ್ಡವರ ಕಪಾಟಿನಲ್ಲೇ ಉಳಿದುಬಿಡುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೊದಲಿಗೆ ಬಾನು ಮುಷ್ತಾಕ್ ಅವರ ಕತೆಗಳು. ದೀಪಾ ಭಾಸ್ತಿ ಅವರು ಆರಿಸಿ ಅನುವಾದಿಸಿದ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದ ಕೃತಿಯೊಂದಕ್ಕೂ, ಸಣ್ಣಕತೆಗಳ ಸಂಕಲನವೊಂದಕ್ಕೂ ಈ ಪ್ರಶಸ್ತಿ ಸಂದದ್ದು ಅದೇ ಮೊದಲು. ಇವು 1990ರಿಂದ 2023ರವರೆಗೆ ಬರೆದ ಕತೆಗಳು. ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕತೆಯ ಮೆಹರುನ್ ಗಂಡನಿಂದ ನೊಂದು ಕೈಗೂಸಿನೊಂದಿಗೆ ತವರಿಗೆ ಬಂದಾಗ, ಒಡಹುಟ್ಟಿದವರು ಮನೆತನದ ಮರ್ಯಾದೆಯ ಮಾತೆತ್ತಿ ಅವಳನ್ನು ಹಿಂದಕ್ಕೆ ಕರೆದೊಯ್ಯುತ್ತಾರೆ, ಆ ಪುಟಗಳನ್ನು ಓದಿದ ಮೇಲೆ ಸುಮ್ಮನೆ ಮುಂದಿನ ಕತೆಗೆ ಹೋಗುವುದು ಸುಲಭವಲ್ಲ. ಅನುವಾದಕಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸಿಲ್ಲ, ಅಡಿಟಿಪ್ಪಣಿಗಳನ್ನೂ ಕೊಟ್ಟಿಲ್ಲ. ಆದ್ದರಿಂದ ಮಕ್ಕಳು ಅರ್ಥ ಕೇಳಿಕೊಂಡು ನಿಮ್ಮ ಬಳಿಗೇ ಬರುತ್ತಾರೆ, ಅದು ಒಳ್ಳೆಯದೇ. ಕತೆಗಳಲ್ಲಿ ಕ್ರೌರ್ಯವೂ ಹತಾಶೆಯೂ ಇರುವುದರಿಂದ ಇವು ಕಾಲೇಜಿನ ವಯಸ್ಸಿಗೆ ಬಂದವರಿಗೆ ತಕ್ಕವು ಎಂಬುದು ನನ್ನ ಅಭಿಪ್ರಾಯ.

ಅದೇ ವಯಸ್ಸಿನ ಮಕ್ಕಳಿರುವ ಮನೆಗೆ ವಿವೇಕ ಶಾನಭಾಗ ಅವರ ‘ಸಕೀನಾಳ ಮುತ್ತು’ ಕಾದಂಬರಿಯನ್ನು ಒತ್ತಾಯಪೂರ್ವಕವಾಗಿ ಸೂಚಿಸುತ್ತೇನೆ. ಮಗಳು ರೇಖಾಳನ್ನು ಕೇಳಿಕೊಂಡು ಅಪರಿಚಿತ ಯುವಕರು ಮನೆಬಾಗಿಲಿಗೆ ಬರುವುದರಿಂದ ಶುರುವಾಗುವ ಈ ಕತೆಯನ್ನು ತಂದೆ ವೆಂಕಟ್ ಹೇಳುತ್ತಾನೆ. ತನ್ನನ್ನು ಉದಾರಿಯೆಂದೇ ನಂಬಿದ ಗಂಡಸಿನ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬೇಕೆಂಬ ಪ್ರಶ್ನೆಗೆ ಅಪ್ಪನೂ ಮಗಳೂ ಒಂದೇ ಉತ್ತರ ಕೊಡಲಾರರು. ಶ್ರೀನಾಥ್ ಪೆರೂರ್ ಅವರ ಅನುವಾದ 2023ರಲ್ಲಿ ಬಂದಿದೆ.

ದೂರದ ಪ್ರವಾಸಕ್ಕೆ ಹೊರಟವರು ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ವನ್ನು ಜೊತೆಗಿಟ್ಟುಕೊಳ್ಳಬಹುದು. 2019ರಲ್ಲಿ ಪ್ರಕಟವಾದ ಇದು ತೀರಾ ಹೊಸದಲ್ಲವಾದರೂ, ಮೈತ್ರೇಯಿ ಕರ್ನೂರ್ ಅವರ ಅನುವಾದ 2022ರಲ್ಲಿ ಬಂದ ಮೇಲೆ ನಮ್ಮ ಉದ್ದೇಶಕ್ಕೆ ಚೆನ್ನಾಗಿ ಒದಗುತ್ತದೆ. ಲಿಸ್ಬನ್, ಗೋವಾ ಮತ್ತು ವಿಜಯನಗರದ ಸೀಮೆಗಳಲ್ಲಿ ಹರಡಿಕೊಂಡಿರುವ ಕಥನದಲ್ಲಿ ಅರಸರಿಗಿಂತ ಸಾಮಾನ್ಯರ ಬದುಕೇ ಮುಖ್ಯ. ಇತಿಹಾಸವೆಂದರೆ ಇಸವಿಗಳ ಪಟ್ಟಿಯೆಂದುಕೊಂಡ ಮಕ್ಕಳಿಗೆ ಮೊದಲು ಇದನ್ನೇ ಕೊಡಿ.

ಓದಿದವರು ತಮ್ಮ ಅನಿಸಿಕೆಗಳನ್ನು ಮುಂದಿನ ಸಂಚಿಕೆಗೆ ಕಳುಹಿಸಬೇಕೆಂದು ಕೋರುತ್ತೇನೆ. ಮಕ್ಕಳು ಇಂಗ್ಲಿಷಿನಲ್ಲಿ ಬರೆದರೂ ಆಗಬಹುದು. ಹೆತ್ತವರ ಬರಹದ ಪಕ್ಕದಲ್ಲೇ ಅದನ್ನು ಪ್ರಕಟಿಸುತ್ತೇವೆ.